ಹಗಲು ಬಂದ ನರಿ

ತ್ರಿಪ್ಪುಣಿತ್ತುರದ ಆ ಮನೆಗೆ ಕಾಲಿಟ್ಟ ದಿನವೇ ನಾನು ಹಿತ್ತಲ ಬಾಗಿಲಿಗೆ ಅಗುಳಿ ಹಾಕಿ, ಅದಕ್ಕೆ ಒತ್ತಿಕೊಂಡ ಹಾಗೆ ಅಕ್ಕಿ ಡಬ್ಬ ಎಳೆದಿಟ್ಟೆ. ನಮ್ಮನೆಯವರು ನಕ್ಕರು. "ಹಾವೇನು ಬಾಗಿಲು ತಳ್ಳಿಕೊಂಡು ಬರುತ್ತದೇನೇ?" ಅಂದರು.

ಮೈಸೂರಿನ ವಠಾರದಲ್ಲಿ ಹುಟ್ಟಿ ಬೆಳೆದವಳು ನಾನು. ಹಲ್ಲಿ, ಜಿರಲೆ, ಇಲಿ ಬಿಟ್ಟರೆ ಬೇರೆ ಜೀವಜಂತು ಕಂಡವಳಲ್ಲ. ಮದುವೆಯಾದ ಮೇಲೆ ತಿರುವನಂತಪುರದಲ್ಲಿ ಕೆಲವು ವರ್ಷ ಇದ್ದೆವು, ಅಲ್ಲಿಯೂ ಪೇಟೆಯ ನಡುವಿನ ಮನೆ. ಇವರದು ಕೇಂದ್ರ ಸರ್ಕಾರದ ಕಚೇರಿಯ ನೌಕರಿ. ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ಕೊಚ್ಚಿಗೆ ವರ್ಗವಾಯಿತು. ಎರ್ನಾಕುಳದಲ್ಲಿ ಬಾಡಿಗೆ ಹೆಚ್ಚೆಂದು ಇವರು ತ್ರಿಪ್ಪುಣಿತ್ತುರದಲ್ಲಿ ಮನೆ ಹಿಡಿದರು. ಮನೆ ಪುಟ್ಟದು, ಹಿತ್ತಲು ದೊಡ್ಡದು. ಬಾವಿ, ಬಟ್ಟೆ ಒಗೆಯುವ ಕಲ್ಲು, ಹಲಸಿನ ಮರಗಳು, ಒಂದು ಪಾಳು ಕೊಟ್ಟಿಗೆ. ಮೂಲೆಯಲ್ಲಿ ಸರ್ಪಕ್ಕಾವು. ನಮ್ಮ ಕಡೆಯ ನಾಗರಕಟ್ಟೆಯ ಹಾಗೆ ಕಲ್ಲು ನಿಲ್ಲಿಸಿ ಅರಿಸಿನ ಬಳಿದ ಜಾಗವಲ್ಲ ಅದು. ಯಾರೂ ಕತ್ತಿ ತಾಗಿಸದೆ ಬಿಟ್ಟ ತುಂಡು ಕಾಡು. ಬಳ್ಳಿಗಳು ಹೆಣೆದುಕೊಂಡು ಮಧ್ಯಾಹ್ನವೂ ಒಳಗೆ ಕತ್ತಲೆ. ಅದರಾಚೆ ಮುರಿದ ಗೋಡೆ, ಗೋಡೆಯಾಚೆ ಗದ್ದೆ.

ಮನೆಯ ಒಡತಿ ಪಕ್ಕದ ದೊಡ್ಡ ಮನೆಯಲ್ಲಿದ್ದ ವಯಸ್ಸಾದ ಹೆಂಗಸು. ನಮ್ಮ ಮಗಳು ಅವರನ್ನು ಮಲಯಾಳದಲ್ಲಿ ಅಜ್ಜಿ ಎನ್ನುವ ಹಾಗೆ "ಅಮ್ಮೂಮ್ಮ" ಅನ್ನುತ್ತಿದ್ದಳು. ನಾನೂ ಹಾಗೇ ಕರೆಯತೊಡಗಿದೆ. ಅವರಿಗೆ ನಾನು "ಮೋಳೆ", ಅಂದರೆ ಮಗಳೇ. ದಿನಾ ಸಂಜೆ ಕಾವಿನ ಅಂಚಿಗೆ ಹೋಗಿ ದೀಪ ಇಟ್ಟು ಬರುತ್ತಿದ್ದರು. "ಅವುಗಳ ಪಾಡಿಗೆ ಅವು, ನಮ್ಮ ಪಾಡಿಗೆ ನಾವು. ಹೆದರಬೇಡ ಮೋಳೆ" ಅನ್ನುತ್ತಿದ್ದರು.

ಹೆದರದೆ ಏನು ಮಾಡಲಿ? ಕೇರೆ ಹಾವು ಬಾವಿಕಟ್ಟೆ ಬಳಸಿ ಹೋಗುತ್ತಿತ್ತು. ಮುಂಗುಸಿ ತನ್ನ ಮರಿಗಳನ್ನು ಸಾಲು ಹಿಡಿಸಿಕೊಂಡು ಪಾತ್ರೆ ತೊಳೆಯುವ ಜಾಗಕ್ಕೇ ಬರುತ್ತಿತ್ತು. ಕೆಂಬೂತ ಬೇಲಿಯೊಳಗಿಂದ ಯಾರೋ ಗಡಸು ಗಂಟಲಿನವರು ಕರೆದ ಹಾಗೆ ಕೂಗುತ್ತಿತ್ತು. ಮರಪಟ್ಟಿ ಅಂತ ಬೆಕ್ಕಿನ ಜಾತಿಯ ಪ್ರಾಣಿಯೊಂದು ಅಟ್ಟದ ಮೇಲೆ ಓಡಾಡಿದರೆ ಕಳ್ಳನೇ ಇಳಿದು ಬಂದನೇನೋ ಅನ್ನಿಸುತ್ತಿತ್ತು. ಮಗಳಿಗೆ ಮಾತ್ರ ಯಾವ ಭಯವೂ ಇರಲಿಲ್ಲ. ಆರು ತುಂಬಿದ ಹುಡುಗಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವವಳು. ಉಡ ಕಂಡರೆ ಅದರ ಹಿಂದೆ ಹೋಗುವವಳು. ಅವಳ ಬೆನ್ನಿಗೆ ನಮ್ಮ ನಾಯಿ, ನಾಯಿಯ ಬೆನ್ನಿಗೆ ಬೆಕ್ಕು.

ನಾಯಿಯನ್ನು ತಿರುವನಂತಪುರದಿಂದ ತಂದಿದ್ದೆವು. ಅಲ್ಲಿ ನಮಗೆ ಬಳಕೆಯಿದ್ದ ಕಾಸರಗೋಡಿನ ದಂಪತಿಗಳ ಮನೆಯಲ್ಲಿ ಹುಟ್ಟಿದ ಮರಿ ಅದು. ಕಂದು ಬಣ್ಣ, ಒಂದು ಕಿವಿ ಮಡಿಚಿಕೊಂಡಿತ್ತು. ಮರಿಯಾಗಿದ್ದಾಗ "ಮರಿ" ಅಂದಿದ್ದೇ ಹೆಸರಾಗಿ ಉಳಿದು, ಆಳೆತ್ತರ ಹಾರುವ ನಾಯಿಯಾದ ಮೇಲೂ ಅದು ಮರಿಯೇ. ಬೆಕ್ಕು ತಾನಾಗಿ ಬಂದು ಸೇರಿಕೊಂಡದ್ದು. ಮರಿಯ ಹೊಟ್ಟೆಗೆ ಬೆನ್ನು ಹಚ್ಚಿ ಮಲಗುತ್ತಿತ್ತು.

ಆ ವರ್ಷ ನವರಾತ್ರಿಯ ರಜಕ್ಕೆ ತಿರುವನಂತಪುರಕ್ಕೆ ಹೋಗುವುದು ಎಂದು ಮೊದಲೇ ಮಾತಾಗಿತ್ತು. ಕಾಸರಗೋಡಿನವರ ಮನೆಯಲ್ಲಿ ಇಳಿದುಕೊಂಡು ಮೃಗಾಲಯ, ಸಮುದ್ರತೀರ ಎಲ್ಲ ನೋಡಿ ಬರುವುದು. ಮಳೆಗಾಲ ಮುಗಿದು ಬೆಳಗಿನ ಬಿಸಿಲು ಹೊನ್ನಿನ ಹಾಗಿರುತ್ತಿತ್ತು. ಮಧ್ಯಾಹ್ನ ತಿರುಗಿದರೆ ಗುಡುಗು, ಒಂದು ಜೋರು ಮಳೆ, ಮತ್ತೆ ಬಿಸಿಲು. ಮಗಳು ತನ್ನ ಬಟ್ಟೆಗಳನ್ನು ತಾನೇ ಮಡಿಚಿ ಪೆಟ್ಟಿಗೆಗೆ ಹಾಕುವುದು, ತೆಗೆಯುವುದು ನಡೆದಿತ್ತು.

ಹೊರಡಲು ಎರಡು ದಿನ ಮುಂಚೆ, ಮಳೆ ನಿಂತು ಬಿಸಿಲು ಬಂದ ಹೊತ್ತು. ನಾನು ಅಡುಗೆಮನೆಯಲ್ಲಿ ಪ್ರಯಾಣಕ್ಕೆಂದು ಚಕ್ಕುಲಿ ಒತ್ತುತ್ತಿದ್ದೆ. ಮಗಳು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. "ಅಮ್ಮೇ, ಬೇರೆ ನಾಯಿ ಬಂದಿದೆ" ಅಂದಳು. ತಲೆ ಎತ್ತಿ ನೋಡಿದೆ. ಒಗೆಯುವ ಕಲ್ಲಿನ ಹತ್ತಿರ ಅದು ನಿಂತಿತ್ತು. ನಾಯಿಯಲ್ಲ, ನರಿ. ಸಂಜೆಯಾದರೆ ಗದ್ದೆಯ ಕಡೆಯಿಂದ ಊಳಿಡುವುದನ್ನು ಕೇಳಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಮೈ ನೆನೆದು ಮೂಳೆ ಕಾಣುತ್ತಿತ್ತು. ಹಿಂಗಾಲು ಕುಡಿದವರ ಹಾಗೆ ಒಂದಕ್ಕೊಂದು ತಾಗುತ್ತಿದ್ದವು. ಬಾಯಿಂದ ನೂಲಿನಂತೆ ಜೊಲ್ಲು. ನಾನು "ಹಚಾ" ಎಂದು ಕೂಗಿ ಕೈಯಲ್ಲಿದ್ದ ಚಕ್ಕುಲಿ ಒರಳನ್ನೇ ಎಸೆದೆ. ಅದು ಪಕ್ಕಕ್ಕೆ ಬಿತ್ತು. ನರಿ ಓಡಲಿಲ್ಲ. ಬಿದ್ದ ಒರಳನ್ನು ಒಮ್ಮೆ ಕಚ್ಚಿ ನೋಡಿತು. ಆಮೇಲೆ ಮಗಳ ಕಡೆ ಮುಖ ಮಾಡಿ ನಡೆದು ಬಂತು. ಓಡಿಯಲ್ಲ, ನಡೆದು. ಅದೇ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟುತ್ತದೆ.

ಬಾವಿಕಟ್ಟೆಯ ಹಿಂದಿನಿಂದ ಮರಿ ಬಂದದ್ದು ನನಗೆ ಕಾಣಲಿಲ್ಲ. ಎರಡೂ ಉರುಳಿದ್ದು ಕಂಡಿತು. ಕೆಸರು, ಕೂದಲು, ಹಲ್ಲು, ಯಾವುದು ಯಾರದೆಂದು ತಿಳಿಯದಂಥ ಒಂದು ಮುದ್ದೆ. ನಾನು ಮಗಳ ರಟ್ಟೆ ಹಿಡಿದು ಒಳಗೆಳೆದುಕೊಂಡೆ. ಸ್ವಲ್ಪ ಹೊತ್ತಿಗೆ ನರಿ ಕೊಸರಿಕೊಂಡು ಕಾವಿನ ಬದಿಯ ಮುರಿದ ಗೋಡೆ ದಾಟಿ ಗದ್ದೆಗಿಳಿಯಿತು. ಮರಿ ಮೆಟ್ಟಿಲ ಬಳಿ ಬಂದು ಮಲಗಿತು. ಮಡಿಚಿದ ಕಿವಿ ಹರಿದು ರಕ್ತ ಸುರಿಯುತ್ತಿತ್ತು. ಅರಿಸಿನ ತರಲು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಮಗಳು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗಾಯದ ಮೇಲಿನ ರಕ್ತ, ಜೊಲ್ಲು ಎಲ್ಲವನ್ನೂ ಬರಿಗೈಯಲ್ಲಿ ಒರೆಸುತ್ತ ಕೂತಿದ್ದಳು. ಆ ದಿನ ಬೆಳಿಗ್ಗೆ ತಾನೇ ಅವಳು ಕೆಂಪು ಕಲ್ಲಿನ ಮೆಟ್ಟಿಲ ಮೇಲೆ ಬಿದ್ದು ಅಂಗೈ ತರಚಿಕೊಂಡಿದ್ದಳು.

ಗಲಾಟೆ ಕೇಳಿ ಬಂದ ಅಮ್ಮೂಮ್ಮ ಬೇಲಿಯ ಬಳಿಯೇ ನಿಂತುಬಿಟ್ಟರು. ಎಂದೂ ಹಾವಿಗೆ ಹೆದರದ ಹೆಂಗಸು. ಅವರ ಮುಖ ಬಿಳಿಚಿಕೊಂಡಿತ್ತು.

"ಮೋಳೆ, ಮಗುವನ್ನು ಎಬ್ಬಿಸು. ಹಗಲು ಬರುವ ನರಿಗೆ ಪೇ ಇರುತ್ತದೆ."

ಪೇ. ಆ ಮಾತು ನನಗೆ ಹೊಸದು. ಭೂತವೋ ದೆವ್ವವೋ ಅಂದುಕೊಂಡೆ. "ಪೇ ಅಂದರೇನು?" ಎಂದು ಕೇಳಿದೆ. ಅವರು ಮಲಯಾಳದಲ್ಲಿ ಎಷ್ಟು ಹೇಳಿದರೂ ನನಗೆ ಹತ್ತಲಿಲ್ಲ. ಕೊನೆಗೆ ಮಗಳೇ, ತೊಡೆಯ ಮೇಲೆ ನಾಯಿಯ ತಲೆ ಇಟ್ಟುಕೊಂಡು, ನನಗಾಗಿ ಕನ್ನಡಕ್ಕೆ ತಿರುಗಿಸಿ ಹೇಳಿದಳು: "ಹುಚ್ಚು ಅಮ್ಮ. ಹುಚ್ಚುನಾಯಿ ಅಂತೀಯಲ್ಲ, ಆ ಹುಚ್ಚು."

ಅವಳ ಕೈಯನ್ನು ಸಾಬೂನು ಹಚ್ಚಿ ಹಚ್ಚಿ ತೊಳೆದೆ. ಚರ್ಮ ಕೆಂಪಾಗಿ ಅವಳು ಅಳುವ ತನಕ ತೊಳೆದೆ. ಇವರು ಕಚೇರಿಯಿಂದ ಬಂದ ಮೇಲೆ ಮತ್ತೊಮ್ಮೆ ತೊಳೆದೆವು. ಮರಿಯನ್ನು ಕೊಟ್ಟಿಗೆಯ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದ್ದಾಯಿತು. ಇವರು ಮೊದಲು ಧೈರ್ಯದ ಮಾತೇ ಆಡಿದರು. "ಹಸಿದ ನರಿ ಇದ್ದೀತು. ಮುದುಕಿ ಏನೋ ಹೇಳಿದರು ಅಂತ…" ಅಂದರು. ಆದರೆ ಊಟಕ್ಕೆ ಕೂತಾಗ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದರು.

ಮರುದಿನ ಬೆಳಿಗ್ಗೆ ಗದ್ದೆಯಲ್ಲಿ ಅದೇ ನರಿ ಒಂದು ಕರುವಿಗೆ ಬಾಯಿ ಹಾಕಿತು, ಜನ ಸೇರಿ ಬಡಿದು ಕೊಂದರು ಎಂದು ಸುದ್ದಿ ಬಂತು. ಕರುವನ್ನು ನೋಡಲು ಬಂದ ದನದ ಡಾಕ್ಟರನ್ನು ಇವರು ಮನೆಗೆ ಕರೆತಂದರು. ಕನ್ನಡಕ ಹಾಕಿದ, ಕಡಿಮೆ ಮಾತಿನ ಮನುಷ್ಯ. ಮರಿಯ ಕಿವಿ ನೋಡಿದರು, ಮಗಳ ಅಂಗೈ ನೋಡಿದರು. ಅವಳನ್ನು ಅಮ್ಮೂಮ್ಮನ ಮನೆಗೆ ಕಳಿಸಿದ ಮೇಲೆ ಬಾಯಿ ಬಿಟ್ಟರು.

"ನೀವು ಹೇಗೂ ನಾಳೆ ತಿರುವನಂತಪುರಕ್ಕೆ ಹೊರಟಿದ್ದೀರಿ. ಅಲ್ಲಿ ಸರ್ಕಾರಿ ಲ್ಯಾಬಿದೆ, ಮದ್ದು ಕೊಡುವ ದೊಡ್ಡಾಸ್ಪತ್ರೆಯೂ ಇದೆ. ನರಿಯ ಮಿದುಳು ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ. ತಲೆ ತೆಗೆದುಕೊಂಡು ಹೋಗಿ."

ಇವರು, "ನರಿಯ ತಲೆಯನ್ನೇ?" ಎಂದರು.

"ಐಸಿನಲ್ಲಿ ಇಟ್ಟು. ಕೊಳೆತರೆ ಪ್ರಯೋಜನವಿಲ್ಲ. ಮಗುವಿಗೆ ಸುಮ್ಮನೆ ಸೂಜಿ ಚುಚ್ಚಿಸುವುದು ಬೇಡ. ಆ ಮದ್ದೂ ಕೆಲವರಿಗೆ ಒಗ್ಗುವುದಿಲ್ಲ, ಕೈಕಾಲು ಬಿದ್ದುಹೋಗುವುದುಂಟು. ಆದರೆ ಇದೆ ಎಂದಾದರೆ ಒಂದು ದಿನವೂ ತಡಮಾಡಬೇಡಿ."

ಇದ್ದರೆ ಏನಾಗುತ್ತದೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೈಸೂರಿನಲ್ಲಿ ನಮ್ಮ ಬೀದಿಯ ಒಬ್ಬರು ಹುಚ್ಚುನಾಯಿ ಕಚ್ಚಿ ಸತ್ತದ್ದನ್ನು ನಾನು ಚಿಕ್ಕವಳಾಗಿದ್ದಾಗ ಕೇಳಿದ್ದೆ. ನೀರಿನ ಚೊಂಬು ಕಂಡರೆ ಅವರು ಕೂಗಿಕೊಳ್ಳುತ್ತಿದ್ದ ಸದ್ದು ಮೂರನೆಯ ಮನೆಗೆ ಕೇಳುತ್ತಿತ್ತು.

ತಲೆ ಕತ್ತರಿಸುವ ಕೆಲಸವನ್ನು ಡಾಕ್ಟರೇ ಮಾಡಿಸಿ ಕಳಿಸಿದರು. ಮೀನು ಮಾರುವ ಕಡೆಯಿಂದ ಐಸು ಬಂತು. ತಲೆಯಿದ್ದ ಮುಚ್ಚಳದ ಡಬ್ಬ ಒಳಗೆ, ಅದನ್ನು ಸುತ್ತಿ ಐಸು, ಮರದ ಹೊಟ್ಟು, ಹೊರಗೆ ಸೀಮೆಎಣ್ಣೆ ಡಬ್ಬಿಯಷ್ಟು ದೊಡ್ಡ ತಗಡಿನ ಡಬ್ಬಿ. ಮೇಲೆ ಗೋಣಿ ಹೊಲಿದು ಹಗ್ಗ ಬಿಗಿದರು. ನನ್ನ ಚಕ್ಕುಲಿ ಡಬ್ಬ, ಮಗಳ ಬಟ್ಟೆಯ ಪೆಟ್ಟಿಗೆ, ಅದರ ಪಕ್ಕ ಇದು. ಮಗಳು ಏನೆಂದು ಕೇಳಿದಳು. "ಆಫೀಸಿನ ಸಾಮಾನು" ಎಂದರು ಇವರು. ನಾವು ಬರುವ ತನಕ ಮರಿಗೆ ದೂರದಿಂದಲೇ ಅನ್ನ, ನೀರು ತಳ್ಳುವ ಕೆಲಸವನ್ನು ಅಮ್ಮೂಮ್ಮ ಒಪ್ಪಿಕೊಂಡರು.

ಆಗಿನ್ನೂ ಆ ಕಡೆ ಓಡುತ್ತಿದ್ದುದು ಮೀಟರ್‌ಗೇಜಿನ ಉಗಿಬಂಡಿ. ಬೆಳಿಗ್ಗೆ ಹತ್ತಿದರೆ ಕೋಟ್ಟಯಂ, ಕೊಲ್ಲಂ ದಾಟಿ ಸೇರುವ ಹೊತ್ತಿಗೆ ಮಧ್ಯಾಹ್ನ ಇಳಿದಿರುತ್ತಿತ್ತು. ಹಬ್ಬದ ರಜ, ಗಾಡಿ ತುಂಬಿ ಹೋಗಿತ್ತು. ಡಬ್ಬಿಯನ್ನು ಇವರು ಸೀಟಿನ ಕೆಳಗೆ ತಳ್ಳಿ ತಮ್ಮ ಕಾಲಿನಿಂದ ಮರೆಮಾಡಿ ಕೂತರು. ಕೋಟ್ಟಯಂ ಬರುವ ಮೊದಲೇ ಗೋಣಿ ನೆನೆದು ನೀರು ಹರಿಯಲು ತೊಡಗಿತು. ಎದುರು ಕೂತಿದ್ದ ದಪ್ಪನೆಯ ಗಂಡಸು ಬಗ್ಗಿ ನೋಡಿ ಸಂತೋಷದಿಂದ ಕೇಳಿದರು, "ಮೀನಾ ಸಾರ್?"

ಇವರು ನನ್ನ ಮುಖ ನೋಡಿದರು. "ಹೌದು" ಅಂದರು. ಹುಟ್ಟಿನಿಂದ ಮೀನು ಮುಟ್ಟದ ಮನುಷ್ಯ.

"ಯಾವ ಮೀನು? ಕೊಚ್ಚಿಯ ಕರಿಮೀನಾ?"

"ಹೌದು, ಅದೇ."

"ಐಸು ಕಡಿಮೆ ಹಾಕಿದ್ದಾರೆ. ಕೊಲ್ಲಂನಲ್ಲಿ ಇಳಿದು ಇನ್ನಷ್ಟು ಹಾಕಿಸಿ, ಇಲ್ಲದಿದ್ದರೆ ಹಾಳಾಗುತ್ತದೆ" ಎಂದರು ಅವರು. ಕೊಲ್ಲಂನಲ್ಲಿ ತಾವೇ ಕೆಳಗಿಳಿದು ಯಾರನ್ನೋ ಕೂಗಿ ಐಸು ತರಿಸಿಕೊಟ್ಟರು. ಒಳ್ಳೆಯ ಮನುಷ್ಯ. ಅವರು ಡಬ್ಬಿಯ ಗೋಣಿ ಬಿಚ್ಚಲು ಕೈ ಹಾಕಿದಾಗ ಇವರು "ಬೇಡ, ಬೇಡ" ಎಂದು ಕೂಗಿದ ರೀತಿಗೆ ಇಡೀ ಬೋಗಿಯೇ ತಿರುಗಿ ನೋಡಿತು. ಆಮೇಲೆ ಅವರು ನಮ್ಮೊಂದಿಗೆ ಮಾತಾಡಲಿಲ್ಲ. ನನ್ನ ಕಣ್ಣು ಪೂರ್ತಿ ನೆಲದ ಮೇಲಿತ್ತು. ಕರಗಿದ ನೀರು ಗಾಡಿ ವಾಲಿದ ಕಡೆ ಹರಿಯುತ್ತಿತ್ತು. ಒಮ್ಮೆ ಬಾಗಿಲ ಕಡೆ, ಒಮ್ಮೆ ನಮ್ಮ ಕಡೆ. ಮಗಳ ಬರಿಗಾಲನ್ನು ಎತ್ತಿ ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಅವಳು ಕಿಟಕಿಯಾಚೆ ಹಿನ್ನೀರು, ದೋಣಿ, ತೆಂಗಿನ ನಾರು ಬಡಿಯುವ ಹೆಂಗಸರನ್ನು ತೋರಿಸಿ ಹರಟುತ್ತಲೇ ಇದ್ದಳು. ನಾನು ಹೂಂಗುಟ್ಟುತ್ತಿದ್ದೆ. ಬಾಯಿ ಒಣಗಿ ನೀರು ಕೇಳಿದಳು. ಕೂಜದಿಂದ ಬಗ್ಗಿಸಿ ಕೊಟ್ಟು ಅವಳು ಕುಡಿಯುವುದನ್ನೇ ನೋಡಿದೆ. ಗಟಗಟ ಕುಡಿದಳು. ಅಷ್ಟು ಬೇಗ ಏನೂ ಆಗುವುದಿಲ್ಲ ಎಂದು ಗೊತ್ತಿದ್ದರೂ ಅಂದಿನಿಂದ ಅವಳು ನೀರು ಕುಡಿಯುವಾಗೆಲ್ಲ ನೋಡುವುದು ನನಗೆ ಅಭ್ಯಾಸವಾಯಿತು.

ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ಇಳಿದ ಕೂಡಲೇ ಇವರು ಡಬ್ಬಿ ಹೊತ್ತುಕೊಂಡು ಟ್ಯಾಕ್ಸಿ ಹಿಡಿದು ಲ್ಯಾಬಿಗೆ ಹೋದರು. ನಾನೂ ಮಗಳೂ ಕಾಸರಗೋಡಿನವರ ಮನೆ ಸೇರಿದೆವು. ಗಂಡ ವಕೀಲಿ ಕೆಲಸದವರು. ಹೆಂಡತಿ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಬಾಗಿಲಲ್ಲೇ, "ನಮ್ಮ ಮರಿ ಹೇಗುಂಟು? ಅದನ್ನು ಯಾಕೆ ತರಲಿಲ್ಲ?" ಎಂದು ಕೇಳಿದರು. ನಾನು ಅಲ್ಲೇ ಜಗಲಿಯ ಮೇಲೆ ಕುಸಿದು ಕೂತೆ. ಮಗಳನ್ನು ಒಳಗೆ ತಿಂಡಿಗೆ ಕೂರಿಸಿ ಬಂದು ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ಎಂತದೂ ಆಗುವುದಿಲ್ಲ, ನೀವು ಹೆದರಬೇಡಿ ಮಾರಾಯ್ರೆ" ಎಂದರು. ಆದರೆ ನನ್ನ ಕೈ ಹಿಡಿದಿದ್ದ ಅವರ ಕೈ ತಣ್ಣಗಿತ್ತು.

ಇವರು ಕತ್ತಲಾಗುವ ಮೊದಲು ಬಂದರು. ರಜಕ್ಕೆಂದು ಲ್ಯಾಬಿನವರು ಬೀಗ ಹಾಕುತ್ತಿದ್ದರಂತೆ. ಮಗುವಿನ ವಿಷಯ ಕೇಳಿ ಅಲ್ಲಿನ ಡಾಕ್ಟರು ಮತ್ತೆ ಬಾಗಿಲು ತೆಗೆಸಿ ಡಬ್ಬಿ ಒಳಗಿಟ್ಟುಕೊಂಡರಂತೆ. "ನಾಳೆ ಬೆಳಿಗ್ಗೆ ನಾನೇ ನೋಡುತ್ತೇನೆ. ಬನ್ನಿ" ಎಂದರಂತೆ.

ಬೆಳಿಗ್ಗೆ ಮಗಳು ಎಲ್ಲರಿಗಿಂತ ಮೊದಲು ಎದ್ದು ಹೊಸ ಲಂಗ ಹಾಕಿಕೊಂಡು ಸಿದ್ಧಳಾದಳು. ಮೃಗಾಲಯ ಎಂದು ಮಾತು ಕೊಟ್ಟಿದ್ದೆವಲ್ಲ. "ಕರೆದುಕೊಂಡು ಹೋಗು, ಮನೆಯಲ್ಲಿ ಕೂತು ಇಬ್ಬರೂ ಏನು ಮಾಡುತ್ತೀರಿ? ಲ್ಯಾಬಿನಿಂದ ನಾನು ಅಲ್ಲಿಗೇ ಬರುತ್ತೇನೆ" ಎಂದರು ಇವರು. ಅಕ್ಕ ಜೊತೆಗೆ ಬಂದರು.

ಹಬ್ಬದ ದಿನ, ಜನವೋ ಜನ. ದೊಡ್ಡ ಮರಗಳ ಕೆಳಗೆ ಮಕ್ಕಳು, ಬಲೂನು, ಕಡಲೆಕಾಯಿ. ಮಗಳು ಸಿಂಹ ನೋಡಿದಳು, ನೀರಾನೆ ಬಾಯಿ ತೆರೆದದ್ದಕ್ಕೆ ಚಪ್ಪಾಳೆ ಹೊಡೆದಳು. ಒಂದು ಬೋನಿನ ಮುಂದೆ ನಿಂತು, "ಅಮ್ಮೇ, ನಮ್ಮ ಹಿತ್ತಲಿಗೆ ಬಂದದ್ದು!" ಎಂದು ಕೂಗಿದಳು. ಒಳಗೆ ನರಿಯೊಂದು ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿತ್ತು. ಮೈ ತುಂಬಿಕೊಂಡು ಚೂಟಿಯಾಗಿದ್ದ ನರಿ, ಕಾಯಿಲೆಯದಲ್ಲ. ನನಗೆ ಅದು ಗೊತ್ತಿತ್ತು. ಆದರೂ ಅವಳು ಸರಳಿಗೆ ಕೈ ಇಟ್ಟಾಗ ನಾನು ಎಳೆದ ರಭಸಕ್ಕೆ ಅವಳ ಬಳೆ ಒಡೆಯಿತು. ಅವಳು ಅತ್ತಳು. ಸುತ್ತಲಿನವರು ನನ್ನನ್ನು ದುರುಗುಟ್ಟಿ ನೋಡಿದರು.

ಅವಳನ್ನು ಸಮಾಧಾನ ಮಾಡುತ್ತ ಹಕ್ಕಿಗಳ ಬೋನಿನ ಬಳಿ ಕೂತಿದ್ದಾಗ ಇವರು ಗೇಟಿನ ಕಡೆಯಿಂದ ಬರುವುದು ಕಾಣಿಸಿತು. ಒಳ್ಳೆಯ ಸುದ್ದಿಯಿದ್ದರೆ ದೂರದಿಂದಲೇ ಕೈ ಎತ್ತುವ ಮನುಷ್ಯ. ಕೈ ಎತ್ತಲಿಲ್ಲ. ಜನರ ನಡುವೆ ಯಾರಿಗೂ ತಾಗದ ಹಾಗೆ ಮೆಲ್ಲಗೆ ನಡೆದು ಬಂದರು. ಮಗಳ ತಲೆಯ ಮೇಲೆ ಕೈ ಇಟ್ಟು ನನಗೆ ಮಾತ್ರ ಕೇಳುವಂತೆ ಹೇಳಿದರು.

"ಇದೆಯಂತೆ."

ಆ ಮಧ್ಯಾಹ್ನವೇ ದೊಡ್ಡಾಸ್ಪತ್ರೆ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ, ದಿನಕ್ಕೊಂದರಂತೆ. ಹಬ್ಬದ ರಜದಲ್ಲಿ ಊರು ನೋಡಲು ಬಂದ ಮಗು ದಿನವೂ ಹೊಸ ಲಂಗ ಹಾಕಿಕೊಂಡು ಆಸ್ಪತ್ರೆಯ ಬೆಂಚಿಗೆ ಹೋಗಿ ಕೂರುತ್ತಿತ್ತು. ಮೊದಲ ದಿನ ಅವಳಿಗೆ ಏನೂ ತಿಳಿದಿರಲಿಲ್ಲ. ಎರಡನೆಯ ದಿನ ಗೇಟು ಕಂಡ ಕೂಡಲೇ ನನ್ನ ಸೆರಗು ಹಿಡಿದು ನೆಲಕ್ಕೆ ಜೋತುಬಿದ್ದಳು. "ಪೇಡಿಯಾವುಣ್ಣು ಅಮ್ಮೇ, ಪೇಡಿಯಾವುಣ್ಣು," ಹೆದರಿಕೆಯಾಗುತ್ತೆ, ಹೆದರಿಕೆಯಾಗುತ್ತೆ ಎಂದು ಕಿರುಚಿದಳು. ನಾನು ಕಾಲು ಹಿಡಿಯಬೇಕು, ಅಕ್ಕ ಕೈ ಹಿಡಿಯಬೇಕು. ಹೊಟ್ಟೆ ಊದಿಕೊಂಡು ಗಟ್ಟಿಯಾಯಿತು. ಲಂಗದ ಲಾಡಿ ಕಟ್ಟಲಾಗದೆ ಅಕ್ಕ ತಮ್ಮ ಹಳೆಯ ಸೀರೆಯಲ್ಲಿ ಸಡಿಲವಾದ ಅಂಗಿ ಹೊಲಿದು ಕೊಟ್ಟರು. ದನದ ಡಾಕ್ಟರು ಹೇಳಿದ್ದ ಮಾತು ನನ್ನ ತಲೆಯಿಂದ ಹೋಗಿರಲಿಲ್ಲ. ಪ್ರತಿ ಬೆಳಿಗ್ಗೆ ಅವಳು ಕಣ್ಣು ಬಿಟ್ಟ ಕೂಡಲೇ "ಕಾಲು ಆಡಿಸು ನೋಡೋಣ, ಕೈ ಎತ್ತು ನೋಡೋಣ" ಎನ್ನುತ್ತಿದ್ದೆ. ಅವಳು ಅದನ್ನು ಆಟ ಎಂದುಕೊಂಡು ಆಡುತ್ತಿದ್ದಳು.

ಇವರು ನಡುವೆ ಕೊಚ್ಚಿಗೆ ಹೋಗಿ ಬಂದರು. ಮರಿಯನ್ನು ಕೊಲ್ಲಿಸುವುದೇ ನ್ಯಾಯ ಎಂದು ಊರವರೆಲ್ಲ ಹೇಳಿದರಂತೆ. ದನದ ಡಾಕ್ಟರು ಮಾತ್ರ, "ನಾಯಿಗೂ ಮದ್ದಿದೆ, ಕೊಡುತ್ತೇನೆ. ಉಳಿಯುತ್ತದೆ ಎಂದು ಮಾತು ಕೊಡಲಾರೆ. ಮುಂದಿನ ಮಳೆಗಾಲದ ತನಕ ಸರಪಳಿ ಬಿಚ್ಚಬಾರದು, ಯಾರೂ ಮುಟ್ಟಬಾರದು. ಅಷ್ಟು ದಿನ ಹೆದರಿಕೊಂಡು ಇರಲು ನಿಮ್ಮಿಂದಾಗುತ್ತದೆಯೇ?" ಎಂದು ಕೇಳಿದರಂತೆ. ಇವರು ನನ್ನನ್ನು ಕೇಳಿ ಹೇಳುತ್ತೇನೆ ಎಂದು ಬಂದಿದ್ದರು.

"ಅದು ಅಡ್ಡ ಬರದಿದ್ದರೆ ಮಗುವಿನ ಮುಖಕ್ಕೇ ಬಾಯಿ ಹಾಕುತ್ತಿತ್ತು ರೀ" ಎಂದೆ. ಅಷ್ಟೇ ಮಾತು.

ಮಗಳ ಸೂಜಿ ಮುಗಿಸಿ ನಾವು ತ್ರಿಪ್ಪುಣಿತ್ತುರಕ್ಕೆ ಮರಳಿದೆವು. ಮರಿ ಕೊಟ್ಟಿಗೆಯಿಂದಲೇ ನಮ್ಮ ಸದ್ದು ಗುರುತಿಸಿ ಸರಪಳಿ ಜಗ್ಗಿ ಕೂಗಿಕೊಂಡಿತು. ಯಾರೂ ಹತ್ತಿರ ಹೋಗಲಿಲ್ಲ. ನಾನು ಅನ್ನದ ತಟ್ಟೆಯನ್ನು ನೆಲದ ಮೇಲಿಟ್ಟು ಬಿದಿರು ಗಳುವಿನಿಂದ ಅದರ ಮುಂದೆ ತಳ್ಳುತ್ತಿದ್ದೆ, ನೀರನ್ನೂ ಹಾಗೇ. ಆಮೇಲೆ ಅಲ್ಲೇ ದೂರದಲ್ಲಿ ನಿಂತು ಅದು ನೀರು ಕುಡಿಯುವ ತನಕ ನೋಡುತ್ತಿದ್ದೆ. ಒಂದು ದಿನ ಬೊಗಳುವ ಸ್ವರ ಒಡೆದ ಹಾಗೆ ಕೇಳಿದರೆ ಅಂದು ನನಗೆ ಅನ್ನ ಸೇರುತ್ತಿರಲಿಲ್ಲ. ಬೆಕ್ಕಿಗೆ ಬುದ್ಧಿ ಹೇಳುವವರು ಯಾರು? ಅದು ಎಂದಿನ ಹಾಗೆ ಹೋಗಿ ಮರಿಗೆ ಒರಗಿ ಮಲಗುತ್ತಿತ್ತು. ಹಾಗಾಗಿ ಬೆಕ್ಕಿಗೂ ಮನೆಯೊಳಗೆ ಬಾಗಿಲು ಮುಚ್ಚಿತು.

ಧನುರ್ಮಾಸದ ಚಳಿಯಲ್ಲಿ ಒಂದು ಬೆಳಿಗ್ಗೆ ನೋಡಿದರೆ ಬೆಕ್ಕು ಮರಿಯ ಹತ್ತಿರ ಇರಲಿಲ್ಲ. ಕೊಟ್ಟಿಗೆಯ ಗೋಡೆಯ ಮೇಲೆ ಮೈ ಕುಗ್ಗಿಸಿ ಕೂತಿತ್ತು. ಮರಿಯ ಬಾಯಿ ತೆರೆದೇ ಇತ್ತು. ಕೆಳದವಡೆ ಜೋತು, ಜೊಲ್ಲು ನೆಲಕ್ಕೆ ಇಳಿಯುತ್ತಿತ್ತು. ಗಂಟಲಿನಿಂದ ಬೊಗಳೂ ಅಲ್ಲದ, ಅಳುವೂ ಅಲ್ಲದ ಒಂದು ಸದ್ದು. ನನ್ನನ್ನು ಕಂಡು ಮೇಲೆದ್ದು ಸರಪಳಿ ಎಳೆಯಿತು. ಕೈಯಲ್ಲಿದ್ದ ಗಳು ಬಿಸಾಕಿ ಓಡಿದೆ. ಮಗಳನ್ನು ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದೆ.

ಇವರಿಗೆ ಅಂದು ಕಳಮಶ್ಶೇರಿಯ ಕಾರ್ಖಾನೆಗಳ ಕಡೆ ಕೆಲಸ. ಸುದ್ದಿ ಮುಟ್ಟಿಸಲು ಯಾವ ದಾರಿಯೂ ಇರಲಿಲ್ಲ. ಅಮ್ಮೂಮ್ಮ ಜನ ಕರೆದರು. ಬೇಲಿಯ ಉದ್ದಕ್ಕೂ ಗಂಡಸರು ದೊಣ್ಣೆ ಹಿಡಿದು ನಿಂತರು. ಸೈನ್ಯದಿಂದ ನಿವೃತ್ತರಾಗಿದ್ದ ಒಬ್ಬರು ಕೋವಿ ತಂದರು. "ನೀವು ಒಳಗೆ ಹೋಗಿ ಚೇಚಿ, ಒಂದೇ ಈಡು, ನರಳುವುದಿಲ್ಲ" ಎಂದರು. ಕೋಣೆಯೊಳಗಿಂದ ಮಗಳು ಬಾಗಿಲು ಬಡಿಯುತ್ತಿದ್ದಳು.

ಆಗಲಿ ಎನ್ನಲು ನಾನು ಬಾಯಿ ತೆರೆದಿದ್ದೆ, ನಿಜ ಹೇಳುತ್ತೇನೆ. ಅಷ್ಟರಲ್ಲಿ ಮರಿ ನೀರಿನ ಪಾತ್ರೆಯ ಹತ್ತಿರ ಹೋಗಿ ಮೂತಿ ಇಟ್ಟಿತು. ನಾಲಿಗೆ ಆಡಿಸಿತು. ನೀರು ಬಾಯಿಂದ ಹೊರಗೆ ಸುರಿಯಿತು. ಮತ್ತೆ ಮೂತಿ ಇಟ್ಟಿತು. ಮುಂಗಾಲಿನಿಂದ ಕೆನ್ನೆ ಉಜ್ಜಿಕೊಂಡಿತು. ನನಗೆ ಮೈಸೂರಿನ ಆ ಮನೆಯ ಕೂಗು ನೆನಪಾಯಿತು. ಇದಕ್ಕೆ ನೀರು ಬೇಕಾಗಿದೆ, ನೀರಿನ ಭಯವಿಲ್ಲ.

"ಡಾಕ್ಟರು ಬರಲಿ. ಅವರು ಬರುವ ತನಕ ಯಾರೂ ಏನೂ ಮಾಡಬೇಡಿ" ಎಂದೆ. ನನ್ನ ಹರಕುಮುರುಕು ಮಲಯಾಳ ಅಂದು ಎಲ್ಲರಿಗೂ ಚೆನ್ನಾಗಿಯೇ ಅರ್ಥವಾಯಿತು. ಕೋವಿಯವರು ಬೇಸರದಿಂದ ಕಲ್ಲಿನ ಮೇಲೆ ಕೂತರು. ಡಾಕ್ಟರನ್ನು ಕರೆಯಲು ಒಬ್ಬರು ಸೈಕಲ್ ಹತ್ತಿ ಹೋದರು.

ಡಾಕ್ಟರು ಬಂದವರೇ ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು. ದಪ್ಪ ಚರ್ಮದ ಕೈಗವಸು ಹಾಕಿಕೊಂಡರು. ಇಬ್ಬರಿಂದ ಹಗ್ಗದ ಕುಣಿಕೆ ಬೀಳಿಸಿ ಎರಡು ಕಡೆಗೆ ಬಿಗಿಯಾಗಿ ಎಳೆಸಿದರು. ದವಡೆಗೆ ಅಡ್ಡ ಕೋಲು ಕೊಟ್ಟು ಟಾರ್ಚ್ ಬಿಟ್ಟು ಬಗ್ಗಿದರು. ಉದ್ದನೆಯ ಇಕ್ಕಳ ಒಳಗೆ ಹೋಯಿತು, ಒಮ್ಮೆ ಜಾರಿತು, ಮತ್ತೆ ಹೋಯಿತು. ಹೊರಬಂದಾಗ ಅದರ ತುದಿಯಲ್ಲಿ ಬೆರಳಷ್ಟು ಉದ್ದದ ಮೂಳೆ. ಅಂಗುಳಕ್ಕೆ ಅಡ್ಡವಾಗಿ ಎರಡು ಕಡೆಯ ಹಲ್ಲಿನ ನಡುವೆ ಸಿಕ್ಕಿಕೊಂಡಿತ್ತಂತೆ. ಯಾರ ಮನೆಯ ಮೂಳೆಯನ್ನೋ ಕಾಗೆ ತಂದು ಬೀಳಿಸಿರಬೇಕು.

ಮರಿ ಬಾಯಿ ಮುಚ್ಚಿತು. ತೆರೆಯಿತು. ಇಡೀ ಪಾತ್ರೆಯ ನೀರು ಕುಡಿಯಿತು.

ಡಾಕ್ಟರು ಕೈಗವಸು ಕಳಚಿ ಬಾವಿಕಟ್ಟೆಯಲ್ಲಿ ಕೈ ತೊಳೆದುಕೊಂಡರು. ನಾನು ಕಾಫಿ ಕೊಟ್ಟೆ. ನೀರಿನ ವಿಷಯದಿಂದ ನಾನು ತಡೆದೆ ಎಂದಾಗ ಅವರು ತಲೆ ಅಲ್ಲಾಡಿಸಿದರು. "ಹುಚ್ಚು ಹಿಡಿದ ನಾಯಿಯೂ ನೀರಿಗೆ ಬಾಯಿ ಹಾಕುತ್ತದೆ ಅಮ್ಮ. ನೀರಿಗೆ ಹೆದರುವುದು ಮನುಷ್ಯರು. ಅದನ್ನು ನಂಬಿ ಇನ್ನು ಯಾರಿಗೂ ಹೇಳಬೇಡಿ." ಕಾಫಿ ಮುಗಿಸಿ ಎದ್ದಮೇಲೆ, "ನನಗೂ ಇಬ್ಬರು ಮಕ್ಕಳಿದ್ದಾರೆ" ಎಂದು ಹೇಳಿ ಹೊರಟರು.

ಇವರು ಸಂಜೆ ಬಂದು ಎಲ್ಲ ಕೇಳಿ ನೇರ ಹಿತ್ತಲಿಗೆ ಹೋದರು. ಕೊಟ್ಟಿಗೆಯಿಂದ ಆಚೆ ನಿಂತು ಬಹಳ ಹೊತ್ತು ಮರಿಯನ್ನು ಬೈದರು. ಬೈಯುತ್ತ ಬೈಯುತ್ತ ಕಣ್ಣೊರೆಸಿಕೊಂಡರು.

ಮಳೆ ಹಿಡಿದ ಮೇಲೆ ಡಾಕ್ಟರು ಇನ್ನೊಮ್ಮೆ ಬಂದು ಸಾಕು ಎಂದರು. ಇವರು ಸರಪಳಿ ಬಿಚ್ಚಿದರು. ಮರಿ ಎಲ್ಲರನ್ನೂ ಬಿಟ್ಟು ಮಗಳನ್ನು ಹುಡುಕಿಕೊಂಡು ಒಳಗೆ ಓಡಿತು. ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಹತ್ತಿ ಎರಡೂ ಕೈ ಹೊಟ್ಟೆಗೆ ಒತ್ತಿಕೊಂಡು ಅಳಲು ತೊಡಗಿದಳು. ಉಡದ ಹಿಂದೆ ಓಡುತ್ತಿದ್ದ ಹುಡುಗಿ. ಅಷ್ಟು ತಿಂಗಳು ಮುಟ್ಟಬೇಡ, ಹತ್ತಿರ ಹೋಗಬೇಡ ಎಂದು ನಾನು ಕಲಿಸಿದ್ದನ್ನು ಅವಳು ಚೆನ್ನಾಗಿ ಕಲಿತಿದ್ದಳು. ಮರಿ ಕಟ್ಟೆಯ ಕೆಳಗೆ ಬಾಲ ಆಡಿಸುತ್ತ ನಿಂತು, ಕೊನೆಗೆ ತಾನೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ಮಲಗಿತು. "ಬಲವಂತ ಮಾಡಬೇಡ, ಬಿಡು" ಎಂದರು ಇವರು.

ನಾವು ಬಲವಂತ ಮಾಡಲಿಲ್ಲ. ಮಳೆಗಾಲ ಕಳೆದು ಮತ್ತೆ ಬಿಸಿಲು ಬಂದ ದಿನಗಳಲ್ಲಿ ಮಗಳು ಶಾಲೆಯಿಂದ ಬಂದು ಹಿತ್ತಲ ಮೇಲಿನ ಮೆಟ್ಟಿಲಲ್ಲಿ ಕೂತು ಪಾಠ ಓದುತ್ತಿದ್ದಳು. ಮರಿ ಕೆಳಗಿನ ಮೆಟ್ಟಿಲಲ್ಲಿ ಮಲಗುತ್ತಿತ್ತು. ನಡುವಿನ ಮೆಟ್ಟಿಲು ಬೆಕ್ಕಿನದು. ಹೀಗೇ ಎಷ್ಟೋ ದಿನ ನಡೆಯಿತು. ಒಂದು ಮಧ್ಯಾಹ್ನ ಕಿಟಕಿಯಿಂದ ನೋಡುತ್ತೇನೆ, ಅವಳು ಪುಸ್ತಕದಿಂದ ಕಣ್ಣು ತೆಗೆಯದೆ ಒಂದು ಕಾಲು ಚಾಚಿ ಪಾದವನ್ನು ಮರಿಯ ಬೆನ್ನಿನ ಮೇಲೆ ಇಟ್ಟಿದ್ದಾಳೆ. ಮರಿ ಅಲುಗಾಡಲಿಲ್ಲ. ಕೈಯಿಂದ ಮುಟ್ಟಲು ಅವಳಿಗೆ ಆಮೇಲೆಯೂ ಎಷ್ಟೋ ಕಾಲ ಆಗಲಿಲ್ಲ. ನಾವು ಮತ್ತೆ ತಿರುವನಂತಪುರಕ್ಕೆ ವರ್ಗವಾಗಿ ಹೋಗಿ, ಮರಿಯ ಮೂತಿ ಬೆಳ್ಳಗಾಗುವ ತನಕ ಅವರಿಬ್ಬರ ಸ್ನೇಹ ಹಾಗೇ ಪಾದದ್ದೇ ಆಗಿ ಉಳಿಯಿತು. ನಾನಂತೂ ಆ ಮಧ್ಯಾಹ್ನ ಒಲೆಯ ಮೇಲೆ ಹಾಲಿಟ್ಟದ್ದನ್ನು ಮರೆತು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಉಕ್ಕಿದ ವಾಸನೆ ಬಂದರೂ ಅಲ್ಲಿಂದ ಕದಲಲು ನನಗೆ ಧೈರ್ಯ ಬರಲಿಲ್ಲ.